ಹಿನ್ನೀರಿನ ಆಚೆಯಿಂದ ಆನ್‌ಲೈನ್ ಮಾರಾಟ: ಮಿಡಿ ಉಪ್ಪಿನಕಾಯಿ ಮಾರಲು ಹೊರಟವರ ಅನುಭವ

ಶರಾವತಿ ಹಿನ್ನೀರಿನ ಆಚೆ ದಡದಲ್ಲಿ, ಸಾಗರ ತಾಲ್ಲೂಕಿನ ಕರೂರು ಹೋಬಳಿಯಲ್ಲಿ ನಮ್ಮ ಮನೆ. ಅಪ್ಪೆಮಿಡಿ ಉಪ್ಪಿನಕಾಯಿಯೂ ಹಲಸಿನ ಹಪ್ಪಳವೂ ಅತ್ತೆಯವರ ಕಾಲದಿಂದಲೇ ಈ ಮನೆಯಿಂದ ಹೊರಗೆ ಹೋಗುತ್ತಿದ್ದವು. ಆದರೆ ಅವು ಹೋಗುತ್ತಿದ್ದುದು ನೆಂಟರ ಕೈಚೀಲದಲ್ಲಿ, ಸಾಗರದ ಒಂದೆರಡು ಅಂಗಡಿಗಳ ಮೂಲಕ, ಹೆಚ್ಚೆಂದರೆ ಬೆಂಗಳೂರು ಬಸ್ಸಿನ ಡಿಕ್ಕಿಯಲ್ಲಿ. ಸಂಜೆ ಹಿನ್ನೀರು ದಾಟಿಸುವ ಲಾಂಚ್ ನಿಂತಿತೆಂದರೆ ಅಂದಿನ ವ್ಯವಹಾರ ಮುಗಿದಂತೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದುಕೊಂಡ ಮೇಲೆ, ಬೆಂಗಳೂರಿನಲ್ಲಿರುವ ಮೈದುನ ಬಹಳ ದಿನದಿಂದ ಹೇಳುತ್ತಿದ್ದ ಮಾತಿಗೆ ಮನೆಯಲ್ಲಿ ಒಪ್ಪಿಗೆ ಸಿಕ್ಕಿತು: ದೊಡ್ಡ ಆನ್‌ಲೈನ್ ಮಾರಾಟ ತಾಣವೊಂದರಲ್ಲಿ ನಾವೇ ಮಾರಾಟಗಾರರಾಗಿ ಸೇರುವುದು. ಈಗ ಖಾತೆ ನಡೆಯುತ್ತಿದೆ, ಆರ್ಡರುಗಳು ಬರುತ್ತಿವೆ, ಹಣವೂ ಬ್ಯಾಂಕಿಗೆ ಬೀಳುತ್ತಿದೆ.

ಸೇರುವ ಮೊದಲು ನಾನು ನೋಡಿದ ವಿಡಿಯೋಗಳೆಲ್ಲ ‘ಹತ್ತೇ ನಿಮಿಷದಲ್ಲಿ ಮಾರಾಟಗಾರರಾಗಿ’ ಎನ್ನುತ್ತಿದ್ದವು. ಮನೆಗೆ ಬಾಗಿಲ ಸಂಖ್ಯೆ, ಬೀದಿಗೆ ಹೆಸರು, ಕೈಯಲ್ಲಿ ಸರಿಯಾದ ಸಿಗ್ನಲ್ ಇದ್ದವರಿಗೆ ಅದು ನಿಜವಿರಬಹುದು. ತೋಟದ ನಡುವಿನ ಒಂಟಿ ಮನೆಯವರಿಗೆ ಕಂಪ್ಯೂಟರಿನ ಕೆಲಸ ತೀರಾ ಸಣ್ಣದು. ನಿಜವಾಗಿ ಕಾಲ ತಿನ್ನುವುದು ಮನೆ ಇದೆ ಎಂದು ಕಾಗದದಲ್ಲಿ ತೋರಿಸುವ ಕೆಲಸ, ಹಣ ತಿನ್ನುವುದು ಪೆಟ್ಟಿಗೆಯ ಅಳತೆ. ಇವೆರಡನ್ನೂ ಯಾರೂ ಮೊದಲೇ ಹೇಳಿರಲಿಲ್ಲ. ಆದ್ದರಿಂದ ಇಲ್ಲಿ ಅವುಗಳನ್ನೇ ಹೆಚ್ಚು ವಿವರಿಸುತ್ತೇನೆ.

ಮೊದಲು ತೀರ್ಮಾನಿಸಬೇಕಾದದ್ದು ಜಿಎಸ್‌ಟಿ ನೋಂದಣಿ ಬೇಕೋ ಬೇಡವೋ ಎಂಬುದು. ಹಪ್ಪಳಕ್ಕೆ ತೆರಿಗೆ ಇಲ್ಲ. ತೆರಿಗೆಯಿಲ್ಲದ ವಸ್ತುವನ್ನಷ್ಟೇ ಮಾರುವವರು ನೋಂದಾಯಿಸಿಕೊಳ್ಳಬೇಕೆಂದು ಕಾನೂನು ಹೇಳುವುದಿಲ್ಲ. ಆದರೆ ಹೆಚ್ಚಿನ ಮಾರಾಟ ತಾಣಗಳ ಅರ್ಜಿಯಲ್ಲಿ ಆ ಸಂಖ್ಯೆಯ ಜಾಗ ಖಾಲಿ ಬಿಟ್ಟರೆ ಮುಂದಿನ ಪುಟವೇ ತೆರೆಯುವುದಿಲ್ಲ. ಉಪ್ಪಿನಕಾಯಿಗೆ ತೆರಿಗೆ ಇದೆ. ಹಾಗೆಂದು ಉಪ್ಪಿನಕಾಯಿ ಮಾರುವವರೆಲ್ಲ ಪೂರ್ಣ ನೋಂದಣಿಗೇ ಹೋಗಬೇಕೆಂದಿಲ್ಲ. 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ವ್ಯವಸ್ಥೆಯ ಪ್ರಕಾರ, ವಹಿವಾಟು ನೋಂದಣಿಯ ಮಿತಿಯೊಳಗೆ ಇರುವ ಸಣ್ಣ ಮಾರಾಟಗಾರರು ತಮ್ಮ ರಾಜ್ಯದೊಳಗೆ ಮಾತ್ರ ಮಾರುವುದಾದರೆ, ಪ್ಯಾನ್ ಸಂಖ್ಯೆ ಕೊಟ್ಟು ಜಿಎಸ್‌ಟಿ ತಾಣದಿಂದ ಒಂದು ದಾಖಲಾತಿ ಸಂಖ್ಯೆ ಪಡೆದು ಆನ್‌ಲೈನ್‌ನಲ್ಲಿ ಮಾರಬಹುದು. ಅದಕ್ಕೆ ಶುಲ್ಕವಿಲ್ಲ, ರಿಟರ್ನ್ (ಮಾರಾಟ ಮತ್ತು ತೆರಿಗೆಯ ಲೆಕ್ಕ) ಸಲ್ಲಿಸುವ ಗೋಜೂ ಇಲ್ಲ. ಗಿರಾಕಿಗಳೆಲ್ಲ ಬೆಂಗಳೂರು, ಮೈಸೂರು, ಹುಬ್ಬಳ್ಳಿಯವರೇ ಆಗಿದ್ದರೆ ಈ ದಾರಿಯಲ್ಲೇ ಆರಂಭಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಸೇರಲಿರುವ ತಾಣ ಆ ಸಂಖ್ಯೆಯನ್ನು ಒಪ್ಪುತ್ತದೆಯೇ ಎಂದು ಮಾತ್ರ ಮೊದಲೇ ವಿಚಾರಿಸಿಕೊಳ್ಳಬೇಕು. ನಮ್ಮ ಹಳೆಯ ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ಪುಣೆ, ಮುಂಬೈ, ಗೋವೆಯಲ್ಲಿರುವ ನಮ್ಮೂರಿನವರು. ರಾಜ್ಯದ ಗಡಿ ದಾಟಿ ಮಾರಬೇಕಾದ್ದರಿಂದ ಪೂರ್ಣ ನೋಂದಣಿಯೇ ಅನಿವಾರ್ಯವಾಯಿತು.

ನೋಂದಣಿಗೆ ಸರ್ಕಾರಿ ಶುಲ್ಕ ಏನೇನೂ ಇಲ್ಲ. ಅರ್ಜಿಯ ಮೊದಲ ಭಾಗ ತುಂಬಿದರೆ ಒಂದು ತಾತ್ಕಾಲಿಕ ಸಂಖ್ಯೆ ಬರುತ್ತದೆ, ಅದು 15 ದಿನ ಮಾತ್ರ ಜೀವಂತವಾಗಿರುತ್ತದೆ. ಅಷ್ಟರೊಳಗೆ ಎರಡನೆಯ ಭಾಗ ಸಲ್ಲಿಸದಿದ್ದರೆ ಮತ್ತೆ ಮೊದಲಿನಿಂದ ಶುರು. ಎರಡನೆಯ ಭಾಗದಲ್ಲಿ ‘ವ್ಯವಹಾರದ ಮುಖ್ಯ ಸ್ಥಳ’ ಎಂಬ ಪುಟ ಬಂತು. ನಮ್ಮ ಬಂಡಿ ನಿಂತದ್ದು ಅಲ್ಲಿಯೇ. ಕಟ್ಟಡದ ಸಂಖ್ಯೆ, ರಸ್ತೆ, ಬಡಾವಣೆ ಎಲ್ಲವನ್ನೂ ಅದು ಕೇಳುತ್ತದೆ. ಸ್ಥಳಕ್ಕೆ ಪುರಾವೆಯಾಗಿ ವಿದ್ಯುತ್ ಬಿಲ್ಲು, ಕಂದಾಯ ರಸೀದಿ ಅಥವಾ ಖಾತೆಯ ನಕಲು ಬೇಕು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ನೀರು ನಿಂತಾಗ ಮೇಲೆದ್ದು ಬಂದ ಕುಟುಂಬಗಳಲ್ಲಿ ನಮ್ಮದೂ ಒಂದು. ಮುಳುಗಡೆ ಪ್ರದೇಶದ ಬಹಳ ಮನೆಗಳ ಹಾಗೆ ನಮ್ಮ ಮನೆಯ ಜಾಗದ ಹಕ್ಕಿನ ಕಾಗದ ಇಂದಿಗೂ ಪೂರ್ತಿಯಾಗಿಲ್ಲ. ಪಂಚಾಯಿತಿ ಆಸ್ತಿಗೆ ಕೊಡುವ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ನಮಗೆ ಸಿಕ್ಕಿಲ್ಲ. ಪಂಚಾಯಿತಿಗೆ ಮನೆ ಕಂದಾಯ ಕಟ್ಟುತ್ತೇವೆ, ರಸೀದಿಯೂ ಇದೆ, ಆದರೆ ಅದು ತೀರಿಹೋದ ಮಾವನವರ ಹೆಸರಿನಲ್ಲಿದೆ. ಮೆಸ್ಕಾಂನ ವಿದ್ಯುತ್ ಬಿಲ್ಲೂ ಅವರ ಹೆಸರಿನಲ್ಲೇ.

ಬದುಕಿರುವ ಹಿರಿಯರ ಹೆಸರಿನಲ್ಲಿ ಬಿಲ್ಲು ಇದ್ದರೆ ಕಷ್ಟವಿಲ್ಲ: ಅವರಿಂದ ಛಾಪಾ ಕಾಗದದ ಮೇಲೆ ‘ನನ್ನ ಮನೆಯಲ್ಲಿ ಇವರು ವ್ಯವಹಾರ ನಡೆಸಲು ನನ್ನ ಒಪ್ಪಿಗೆ ಇದೆ’ ಎಂದು ಬರೆಸಿ, ನೋಟರಿ ಮಾಡಿಸಿ, ಬಿಲ್ಲಿನ ಜೊತೆ ಸೇರಿಸಿದರೆ ಸಾಕು. ತೀರಿಹೋದವರು ಒಪ್ಪಿಗೆ ಕೊಡಲಾರರು. ಆದ್ದರಿಂದ ಮೊದಲು ವಿದ್ಯುತ್ ಸಂಪರ್ಕವನ್ನು ಅತ್ತೆಯವರ ಹೆಸರಿಗೆ ಬದಲಾಯಿಸಬೇಕಾಯಿತು. ಅದಕ್ಕೆ ಮಾವನವರ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಮಕ್ಕಳೆಲ್ಲರ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕಾದವು. ವಂಶವೃಕ್ಷಕ್ಕೆ ಗ್ರಾಮ ಆಡಳಿತಾಧಿಕಾರಿ ಸ್ಥಳಕ್ಕೆ ಬಂದು ಪಂಚರ ಸಹಿ ಪಡೆಯಬೇಕು. ಮೈದುನ, ನಾದಿನಿ ಇಬ್ಬರೂ ಹೊರ ಊರಿನಲ್ಲಿರುವುದರಿಂದ ಅವರ ಸಹಿಗಾಗಿ ಕಾಗದ ಅಂಚೆಯಲ್ಲಿ ಹೋಗಿ ಬಂತು. ಆಷಾಢದ ಮಳೆಯಲ್ಲಿ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಅದನ್ನು ಮತ್ತೊಂದು ಕವರಿನಲ್ಲಿಟ್ಟು ಓಡಾಡಿದ್ದಾಯಿತು. ಹೊಸ ಹೆಸರಿನ ಬಿಲ್ಲು ಕೈಗೆ ಬರುವವರೆಗೂ ಜಿಎಸ್‌ಟಿ ಅರ್ಜಿಯನ್ನು ನಾನು ಮುಟ್ಟಲಿಲ್ಲ. ಇದೇ ದಾರಿಯಲ್ಲಿ ಬರುವವರಿಗೆ ನನ್ನ ಮೊದಲ ಮಾತು: ಕಂಪ್ಯೂಟರ್ ತೆರೆಯುವ ಮೊದಲು ವಿದ್ಯುತ್ ಬಿಲ್ಲು ತೆಗೆದು ಅದರಲ್ಲಿ ಯಾರ ಹೆಸರಿದೆ ಎಂದು ನೋಡಿಕೊಳ್ಳಿ.

ಎರಡನೆಯದು ನಮ್ಮ ಹೆಸರು. ಮದುವೆಯಾಗಿ ಬಂದ ಹೆಂಗಸರಿಗೆ ಈ ತೊಂದರೆ ಹೆಚ್ಚು. ಆಧಾರಿನಲ್ಲಿ ನನ್ನ ಹೆಸರಿನ ಮುಂದೆ ಗಂಡನ ಹೆಸರು, ಪ್ಯಾನಿನಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇವೆರಡೂ ಇಲ್ಲದ ಬರಿಯ ಹೆಸರು. ಮನುಷ್ಯರು ನೋಡಿದರೆ ಮೂವರೂ ಒಬ್ಬಳೇ ಎಂದು ತಿಳಿಯುತ್ತದೆ, ಯಂತ್ರಕ್ಕೆ ತಿಳಿಯುವುದಿಲ್ಲ. ಪ್ಯಾನನ್ನು ಮೂಲವಾಗಿಟ್ಟುಕೊಂಡು ಉಳಿದೆರಡನ್ನು ಅದಕ್ಕೆ ಹೊಂದಿಸುವುದು ಒಳ್ಳೆಯದೆಂದು ಸಾಗರದ ತೆರಿಗೆ ಸಲಹೆಗಾರರೊಬ್ಬರು ಹೇಳಿದರು. ಜಿಎಸ್‌ಟಿ ಸಂಖ್ಯೆಯೇ ಪ್ಯಾನಿನ ಮೇಲೆ ನಿಂತಿದೆ: 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29, ಮುಂದಿನ ಹತ್ತು ನಮ್ಮ ಪ್ಯಾನ್. ಅವರ ಮಾತಿನಂತೆ ಆಧಾರನ್ನೂ ಬ್ಯಾಂಕ್ ಖಾತೆಯನ್ನೂ ತಿದ್ದಿಸಿದೆ. ಆಧಾರ್ ತಿದ್ದುಪಡಿಗೆ ಸಾಲಿನಲ್ಲಿ ಕಾದದ್ದನ್ನು ಬಿಟ್ಟರೆ ಇದರಲ್ಲಿ ಹೇಳಿಕೊಳ್ಳುವಂಥ ಕಷ್ಟವಾಗಲಿಲ್ಲ.

ಕಷ್ಟವಾದದ್ದು ಒಟಿಪಿ. ನಮ್ಮ ಮನೆಯಲ್ಲಿ ಫೋನ್ ಹಿಡಿಯುವುದು ಜಗುಲಿಯ ಈಶಾನ್ಯ ಮೂಲೆಯಲ್ಲಿ, ಅದೂ ಮಳೆ ಹೊಳವಾದಾಗ. ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದರೆ ಅದೂ ಇಲ್ಲ. ಪಿಯುಸಿ ಓದುವ ಮಗ ಮನೆಯ ಹಿಂದಿನ ಧರೆ ಹತ್ತಿ ಫೋನು ಹಿಡಿದು ನಿಲ್ಲುವುದು, ಅಂಕಿ ಬಂದ ಕೂಡಲೇ ಮೇಲಿನಿಂದ ಕೂಗುವುದು, ಕೆಳಗೆ ನಾನು ಅದನ್ನು ಒತ್ತುವುದು. ಅಷ್ಟರಲ್ಲಿ ಲ್ಯಾಪ್‌ಟಾಪಿಗೆ ಹಂಚಿಕೊಂಡಿದ್ದ ನೆಟ್ಟು ಕಡಿದು ಪುಟವೇ ಮಾಯ. ಕೊನೆಗೆ ಸಾಗರದಲ್ಲಿರುವ ನಾದಿನಿಯ ಮನೆಗೆ ಹೋಗಿ, ಅಲ್ಲಿಯೇ ಉಳಿದು, ಆಧಾರ್ ದೃಢೀಕರಣ ಮುಗಿಸಿದೆ. ದೃಢೀಕರಣವನ್ನು ಯಾವ ಕಾರಣಕ್ಕೂ ಬಿಟ್ಟು ಮುಂದೆ ಹೋಗಬಾರದು. ಬಿಟ್ಟರೆ ಅರ್ಜಿ ಸ್ಥಳ ಪರಿಶೀಲನೆಗೆ ಹೋಗಿ ಬಹಳ ತಡವಾಗುತ್ತದೆ. ಕೆಲವು ಅರ್ಜಿದಾರರನ್ನು ಬೆರಳಚ್ಚಿಗಾಗಿ ಜಿಎಸ್‌ಟಿ ಸುವಿಧಾ ಕೇಂದ್ರಕ್ಕೂ ಕರೆಯುತ್ತಾರೆ. ನಮಗೆ ಆ ಸಂದೇಶ ಬರಲಿಲ್ಲ.

ಬಂದದ್ದು ಬೇರೆ ಸಂದೇಶ. ಅಧಿಕಾರಿಗಳು ವಿವರಣೆ ಕೇಳಿದ್ದರು: ಮನೆಯ ಫೋಟೊ ಬೇಕು, ಅದರಲ್ಲಿ ವ್ಯವಹಾರದ ಹೆಸರಿನ ಫಲಕ ಕಾಣಬೇಕು. ಇಂಥ ಪ್ರಶ್ನೆಗೆ ಉತ್ತರಿಸಲು 7 ಕೆಲಸದ ದಿನಗಳ ಅವಕಾಶ ಇರುತ್ತದೆ, ಮೀರಿದರೆ ಅರ್ಜಿ ತಿರಸ್ಕೃತವಾಗಬಹುದು. ಸಾಗರದಲ್ಲಿ ಫಲಕ ಬರೆಸಿ ತರುವಷ್ಟು ವ್ಯವಧಾನ ಇರಲಿಲ್ಲ. ಕೊಟ್ಟಿಗೆಗೆ ಹೊದಿಸಿ ಉಳಿದಿದ್ದ ತಗಡಿನ ತುಂಡಿಗೆ ನಮ್ಮ ಮನೆಯವರು ಬಿಳಿ ಬಣ್ಣ ಬಳಿದರು, ಮಗ ಕೆಂಪಿನಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಹೆಸರು ಬರೆದ, ಕೆಳಗೆ ಗ್ರಾಮ, ಅಂಚೆ, ತಾಲ್ಲೂಕು. ಬಣ್ಣ ಒಣಗುವ ಹವೆಯಲ್ಲವಾದ್ದರಿಂದ ಅದನ್ನು ಬಚ್ಚಲೊಲೆಯ ಮುಂದೆ ಇಟ್ಟು ಒಣಗಿಸಿ, ಜಗುಲಿಯ ಕಂಬಕ್ಕೆ ಕಟ್ಟಿ ಫೋಟೊ ತೆಗೆದೆವು. “ಅಂಗಡಿನೇ ಇಲ್ಲ, ಬೋರ್ಡ್ ಎಂತಕ್ಕೆ ಮಾರಾಯ್ತಿ?” ಎಂದು ಅತ್ತೆಯವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಫೋಟೊದ ಜೊತೆಗೆ, ನಕ್ಷೆಯಲ್ಲಿ ನಮ್ಮ ಮನೆ ಇರುವ ಬಿಂದುವಿನ ಅಕ್ಷಾಂಶ ರೇಖಾಂಶಗಳನ್ನೂ ಒಂದು ಪತ್ರದಲ್ಲಿ ಬರೆದು ಸೇರಿಸಿದೆ, ಯಾಕೆಂದರೆ ನಮ್ಮೂರಿನ ಹೆಸರು ಒತ್ತಿದರೆ ನಕ್ಷೆ ಬೇರೆಲ್ಲೋ ಹೋಗಿ ನಿಲ್ಲುತ್ತಿತ್ತು. ಆಮೇಲೆ ಪ್ರಶ್ನೆ ಬರಲಿಲ್ಲ. ನೋಂದಣಿ ಪ್ರಮಾಣಪತ್ರವೇ ಬಂತು. ಒಂಟಿ ಮನೆಯವರು ಫಲಕ, ಫೋಟೊ, ನಕ್ಷೆಯ ಬಿಂದು ಮೂರನ್ನೂ ಅರ್ಜಿಯ ಜೊತೆಗೇ ಕೊಟ್ಟುಬಿಟ್ಟರೆ ಒಂದು ಸುತ್ತು ಉಳಿಯುತ್ತದೆ.

ಪ್ರಮಾಣಪತ್ರ ಬಂದ ಮಾರನೆಯ ದಿನದಿಂದಲೇ ಕರೆಗಳ ಸುರಿಮಳೆ. ಸಾಲ ಕೊಡುವವರು, ‘ನಿಮ್ಮ ಖಾತೆಯನ್ನು ನಾವೇ ನಡೆಸಿಕೊಡುತ್ತೇವೆ’ ಎನ್ನುವವರು, ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿಗೆ ಎರಡೂವರೆ ಸಾವಿರ ಕೇಳುವವರು. ಉದ್ಯಮ್ ನೋಂದಣಿ ಸರ್ಕಾರದ ತಾಣದಲ್ಲಿ ಸಂಪೂರ್ಣ ಉಚಿತ. ಆಧಾರ್ ಮತ್ತು ಪ್ಯಾನ್ ಇದ್ದರೆ ಕುಳಿತಲ್ಲೇ ಮುಗಿಯುತ್ತದೆ. ಅದೇ ಹೆಸರಿನಂತೆ ಕಾಣುವ ಖಾಸಗಿ ತಾಣಗಳು ಹುಡುಕಾಟದಲ್ಲಿ ಮೇಲೆ ಬರುತ್ತವೆ, ವಿಳಾಸದ ಕೊನೆಯಲ್ಲಿ ಸರ್ಕಾರಿ ತಾಣದ ಗುರುತು ಇದೆಯೇ ಎಂದು ನೋಡಿಯೇ ಮುಂದುವರಿಯಬೇಕು.

ಆಹಾರ ಸುರಕ್ಷತಾ ನೋಂದಣಿ ಇದಕ್ಕೆ ಹೋಲಿಸಿದರೆ ಸುಲಭವಾಗಿತ್ತು. ನಾನು ಅರ್ಜಿ ಹಾಕಿದ ಕಾಲಕ್ಕೆ ವಾರ್ಷಿಕ ವಹಿವಾಟು 12 ಲಕ್ಷದೊಳಗಿನವರಿಗೆ ಮೂಲ ನೋಂದಣಿ, ವರ್ಷಕ್ಕೆ 100 ರೂಪಾಯಿ. ಅಡುಗೆಮನೆಯ ನೀರಿನ ಮೂಲ, ಯಾವ ತಿನಿಸು ಎಂಬ ವಿವರ, ಗುರುತಿನ ದಾಖಲೆ ಕೇಳುತ್ತಾರೆ. 14 ಅಂಕಿಯ ಸಂಖ್ಯೆ ಬಂದ ಮೇಲೆ ತಿಳಿದದ್ದೇನೆಂದರೆ ಇದರಲ್ಲಿನ ವಿಳಾಸವೂ ಜಿಎಸ್‌ಟಿ ವಿಳಾಸವೂ ಅಕ್ಷರಶಃ ಒಂದೇ ಇರಬೇಕು. ಒಂದರಲ್ಲಿ ಗ್ರಾಮದ ಹೆಸರು ಮೊದಲು, ಇನ್ನೊಂದರಲ್ಲಿ ಅಂಚೆಯ ಹೆಸರು ಮೊದಲು ಬಂದರೂ ಮಾರಾಟ ತಾಣದ ಪರಿಶೀಲನೆ ಅದನ್ನು ಎರಡು ಬೇರೆ ಜಾಗವೆಂದು ಹಿಂದಕ್ಕೆ ಕಳುಹಿಸುತ್ತದೆ. ವಿಳಾಸವನ್ನು ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿಟ್ಟುಕೊಂಡು, ಅಲ್ಪವಿರಾಮವೂ ಬದಲಾಗದಂತೆ ಎಲ್ಲ ಅರ್ಜಿಗಳಲ್ಲಿ ಅದನ್ನೇ ಒತ್ತುವುದು ಕ್ಷೇಮ.

ಇನ್ನು ಲೇಬಲ್. ಅಂಗಡಿಗೆ ಕೊಡುವಾಗ ಡಬ್ಬಿಯ ಮೇಲೆ ಹೆಸರಿನ ಚೀಟಿ ಅಂಟಿಸಿದರೆ ನಡೆಯುತ್ತಿತ್ತು. ಆನ್‌ಲೈನಿನಲ್ಲಿ ಲೇಬಲ್ಲಿನ ಫೋಟೊವನ್ನೇ ಅವರು ಪರಿಶೀಲಿಸುತ್ತಾರೆ. ತಯಾರಕರ ಪೂರ್ಣ ವಿಳಾಸ, ನಿವ್ವಳ ತೂಕ, ತಯಾರಿಸಿದ ತಿಂಗಳು ಮತ್ತು ವರ್ಷ, ಬ್ಯಾಚ್ ಸಂಖ್ಯೆ, ಎಷ್ಟು ಕಾಲದೊಳಗೆ ಬಳಸಬೇಕೆಂಬುದು, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ಪ್ರಮಾಣದ ಇಳಿಕೆ ಕ್ರಮದಲ್ಲಿ ಪದಾರ್ಥಗಳ ಪಟ್ಟಿ, ಪೌಷ್ಟಿಕಾಂಶದ ವಿವರ, ಹಸಿರು ಚೌಕದೊಳಗೆ ಹಸಿರು ಚುಕ್ಕಿ, ಗಿರಾಕಿ ದೂರು ಹೇಳಲು ಫೋನ್ ಮತ್ತು ಇಮೇಲ್, ಇವೆಲ್ಲ ಇರಬೇಕು. ನಮ್ಮ ಮಿಡಿ ಉಪ್ಪಿನಕಾಯಿಯಲ್ಲಿ ಸಾಸಿವೆ ಇರುವುದರಿಂದ ಅದನ್ನು ಪಟ್ಟಿಯಲ್ಲಿ ಬಿಡದೆ ಬರೆಯಬೇಕಿತ್ತು. ಎಣ್ಣೆ ಹಾಕುವುದಿಲ್ಲವಾದ್ದರಿಂದ ಎಣ್ಣೆ ಎಲ್ಲಿ ಎಂದು ಪರಿಶೀಲಿಸಿದವರು ಒಮ್ಮೆ ಕೇಳಿದರು. ಪೌಷ್ಟಿಕಾಂಶದ ವಿವರಕ್ಕೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದೆವು. ಇಡೀ ಪ್ರಕ್ರಿಯೆಯಲ್ಲಿ ಒಂದೇ ಬಾರಿಗೆ ದೊಡ್ಡ ಮೊತ್ತ ಕೈಬಿಟ್ಟದ್ದು ಇಲ್ಲಿಯೇ, ಅದೂ ಉಪ್ಪಿನಕಾಯಿಗೊಂದು, ಹಪ್ಪಳಕ್ಕೊಂದು.

ಲೇಬಲ್ ಅಚ್ಚಿಗೆ ಕೊಡಬೇಕೆನ್ನುವ ಹೊತ್ತಿಗೆ ತೆರಿಗೆಯ ದರವೇ ಬದಲಾಯಿತು. 2025ರ ಸೆಪ್ಟೆಂಬರ್ 22ರಿಂದ ಉಪ್ಪಿನಕಾಯಿಯ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಮುದ್ರಣಾಲಯದವರು ಹಬ್ಬದ ಕೆಲಸದಲ್ಲಿ ನಮ್ಮದನ್ನು ಹಿಂದೆ ತಳ್ಳಿದ್ದು ಒಳ್ಳೆಯದೇ ಆಯಿತು. ಹಳೆಯ ಬೆಲೆಯ ಲೇಬಲ್ಲುಗಳು ಗುಡ್ಡೆ ಬೀಳಲಿಲ್ಲ. ಬೆಲೆ, ತಿಂಗಳು, ಬ್ಯಾಚ್ ಇವುಗಳ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕಿಸಿ, ಆಮೇಲೆ ಮುದ್ರೆಯೊತ್ತುವುದು ಸಣ್ಣವರಿಗೆ ಅನುಕೂಲ. ಇನ್ನೊಂದು ಎಚ್ಚರ: ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ ಎಂಬುದು ಎಲ್ಲರಿಗೂ ಗೊತ್ತು, ಆದರೆ ಆ ಚಿಹ್ನೆಯನ್ನು ಲೇಬಲ್ಲಿನ ಮೇಲೆ ಹಾಕಬೇಕಾದರೆ 1999ರ ಕಾಯ್ದೆಯ ಅಡಿಯಲ್ಲಿ ಅಧಿಕೃತ ಬಳಕೆದಾರರಾಗಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ನಾವು ಸದ್ಯಕ್ಕೆ ಹಾಕಿಲ್ಲ.

ಮಾರಾಟ ತಾಣದಲ್ಲಿ ಖಾತೆ ತೆರೆಯುವ ಕೆಲಸ, ಇಷ್ಟೆಲ್ಲ ಕೈಯಲ್ಲಿದ್ದ ಮೇಲೆ, ಒಂದು ಸಂಜೆಯದ್ದು. ಬ್ಯಾಂಕ್ ಖಾತೆಗೆ ಒಂದು ರೂಪಾಯಿ ಹಾಕಿ ಹೆಸರು ತಾಳೆ ನೋಡುತ್ತಾರೆ; ಮುಖ ತೋರಿಸಿ ವಿಡಿಯೋ ಪರಿಶೀಲನೆ ಇರುತ್ತದೆ, ಅದಕ್ಕೆ ಮತ್ತೆ ಸಾಗರವೇ ಗತಿಯಾಯಿತು. ಬಾರ್‌ಕೋಡ್ ಕೊಳ್ಳಬೇಕೆಂದು ಮುದ್ರಣಾಲಯದಲ್ಲಿ ಹೇಳಿದ್ದರು. ನಮ್ಮಂಥ ಮನೆ ತಯಾರಿಕೆಗೆ ತಾಣದಲ್ಲಿಯೇ ವಿನಾಯಿತಿ ಕೇಳುವ ಅರ್ಜಿ ಇದೆ, ಡಬ್ಬಿಯ ಎಲ್ಲ ಬದಿಯ ಫೋಟೊ ಕೊಟ್ಟರೆ ಸಿಗುತ್ತದೆ. ಟ್ರೇಡ್‌ಮಾರ್ಕ್ ಆರಂಭಕ್ಕೆ ಬೇಕಿಲ್ಲ. ಮುಂದೆ ಬೇಕೆನಿಸಿದರೆ ಒಬ್ಬ ವ್ಯಕ್ತಿಗೆ ಆನ್‌ಲೈನ್ ಅರ್ಜಿಯ ಸರ್ಕಾರಿ ಶುಲ್ಕ ವರ್ಗವೊಂದಕ್ಕೆ 4,500 ರೂಪಾಯಿ. ಫೋಟೊ ಬಿಳಿಯ ಹಿನ್ನೆಲೆಯಲ್ಲಿ ಇರಬೇಕು. ಮಳೆಗಾಲದ ಮಬ್ಬಿನಲ್ಲಿ ಮನೆಯೊಳಗೆ ಅದು ಆಗಲಿಲ್ಲ, ಅಂಗಳದಲ್ಲಿ ಬಿಳಿ ಪಂಚೆ ಹಾಸಿ ಬಿಸಿಲು ಬಿದ್ದ ಅರ್ಧ ಗಂಟೆಯಲ್ಲಿ ಮುಗಿಸಿದೆವು.

ಈಗ ಪೆಟ್ಟಿಗೆಯ ವಿಷಯ. ಉಪ್ಪುನೀರಿನ ಉಪ್ಪಿನಕಾಯಿ ಡಬ್ಬಿಯ ಮುಚ್ಚಳದ ಸುತ್ತಿನಿಂದ ಜಿನುಗುತ್ತದೆ. ಒಂದು ಡಬ್ಬಿ ಜಿನುಗಿದರೆ ಕೆಂಪು ರಸ ಪೆಟ್ಟಿಗೆಗೆ ಹತ್ತಿ, ಕೊರಿಯರಿನವರು ಅದನ್ನು ಮುಟ್ಟುವುದಿಲ್ಲ. ಗಾಜಿನ ಬಾಟಲಿ ಬಿಟ್ಟು ಆಹಾರಕ್ಕೆ ತಕ್ಕ ಪೆಟ್ ಡಬ್ಬಿಗೆ ಬಂದು, ಬಾಯಿಗೆ ಹಾಳೆಯ ಮುಚ್ಚಿಗೆ ಅಂಟಿಸುವ ಕೈಯಂತ್ರವೊಂದನ್ನು ಕೊಂಡೆವು. ಅತ್ತೆಯವರಿಗೆ ಪ್ಲಾಸ್ಟಿಕ್ ಹಿಡಿಸಲಿಲ್ಲ. ಭರಣಿಯಲ್ಲಿ ಪೂರ್ತಿ ಕಳಿತ ಮೇಲೆಯೇ ಡಬ್ಬಿಗೆ ತುಂಬಬೇಕು ಎಂಬ ಕರಾರಿನ ಮೇಲೆ ಒಪ್ಪಿದರು. ಆ ಕರಾರು ಎಷ್ಟು ಸರಿಯೆಂಬುದು ಆಮೇಲೆ ಗೊತ್ತಾಯಿತು: ಹೊಸದಾಗಿ ಬೆರೆಸಿದ ಉಪ್ಪಿನಕಾಯಿ ಡಬ್ಬಿಯೊಳಗೆ ಗಾಳಿ ಬಿಟ್ಟು, ಹಾಳೆ ಉಬ್ಬಿ, ಘಟ್ಟ ಇಳಿಯುವಷ್ಟರಲ್ಲಿ ಬಿಟ್ಟುಕೊಳ್ಳುತ್ತದೆ. ಮುಚ್ಚಿದ ಡಬ್ಬಿಯನ್ನು ಹಳೆಯ ಪತ್ರಿಕೆಯ ಮೇಲೆ ರಾತ್ರಿಯಿಡೀ ಬೋರಲು ಇಟ್ಟು, ಬೆಳಿಗ್ಗೆ ಪತ್ರಿಕೆಯಲ್ಲಿ ಕೆಂಪು ಉಂಗುರ ಮೂಡಿದೆಯೇ ಎಂದು ನೋಡುವುದು ಈಗ ನಮ್ಮ ಮನೆಯ ಪದ್ಧತಿ.

ಹಪ್ಪಳದ್ದು ಬೇರೆಯೇ ಲೆಕ್ಕ. ಕೊರಿಯರಿನವರು ನಿಜವಾದ ತೂಕ ಮತ್ತು ಗಾತ್ರದ ತೂಕ ಎರಡರಲ್ಲಿ ಹೆಚ್ಚಿನದಕ್ಕೆ ದರ ಹಾಕುತ್ತಾರೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಗಾತ್ರದ ತೂಕ ಕಿಲೋಗಳಲ್ಲಿ ಸಿಗುತ್ತದೆ. ಕಾಲು ಕಿಲೋ ಹಪ್ಪಳ ಮುರಿಯಬಾರದೆಂದು ಸುತ್ತ ಮೆತ್ತಗಿನದು ತುಂಬಿ 20, 20, 12ರ ಪೆಟ್ಟಿಗೆಯಲ್ಲಿ ಇಟ್ಟಾಗ ಗಾತ್ರದ ತೂಕ 0.96 ಕಿಲೋ ಆಯಿತು. ಕಾಲು ಕಿಲೋ ಹಪ್ಪಳಕ್ಕೆ ಒಂದು ಕಿಲೋದ ಸಾಗಣೆ. ಮೇಲೂ ಕೆಳಗೂ ಗಟ್ಟಿ ರಟ್ಟಿನ ಬಿಲ್ಲೆ ಇಟ್ಟು, ಹಪ್ಪಳದ ಅಟ್ಟಿಯನ್ನು ಬಿಗಿಯಾಗಿ ಕಟ್ಟಿ, ಎತ್ತರವನ್ನು 6ಕ್ಕೆ ಇಳಿಸಿದಾಗ 0.48 ಕಿಲೋ, ಅಂದರೆ ಅರ್ಧ ಕಿಲೋದ ದರ. ಸಡಿಲ ಪೆಟ್ಟಿಗೆಯಲ್ಲಿ ಒಡೆಯುತ್ತಿದ್ದ ಹಪ್ಪಳ ಬಿಗಿದು ಕಟ್ಟಿದಾಗ ಕಡಿಮೆ ಒಡೆಯಿತು. ಪೆಟ್ಟಿಗೆಗಳನ್ನು ನೂರುಗಟ್ಟಲೆ ಕೊಳ್ಳುವ ಮೊದಲು ಈ ಗುಣಾಕಾರ ಮಾಡಿಕೊಳ್ಳಿ.

ಮನೆ ಬಾಗಿಲಿಗೆ ಬಂದು ಒಯ್ಯುತ್ತಾರೆ ಎಂಬ ಭರವಸೆ ನಮ್ಮ ಪಿನ್‌ಕೋಡಿಗೆ ಅನ್ವಯಿಸಲಿಲ್ಲ. ಸೇತುವೆ ಆಗಿದ್ದರೂ ಕೊರಿಯರಿನ ಯಂತ್ರದ ಪಟ್ಟಿಯಲ್ಲಿ ನಮ್ಮ ಊರು ಇನ್ನೂ ಲಾಂಚಿನ ಆಚೆಯೇ ಇತ್ತು. ಮೊದಲ ಆರ್ಡರು ಒಯ್ಯುವವರು ಬಾರದೆ ತಾನಾಗಿ ರದ್ದಾಯಿತು, ರದ್ದಾದದ್ದು ನಮ್ಮ ಲೆಕ್ಕಕ್ಕೆ ಬಿತ್ತು. ತಡವಾಗಿ ಕಳುಹಿಸುವವರೆಂಬ ಗುರುತು ಹೊಸ ಖಾತೆಗೆ ಬಹಳ ಕೆಟ್ಟದ್ದು. ಅಹವಾಲು ಬರೆದು, ಸಾಗರದ ಕೇಂದ್ರಕ್ಕೆ ನಾವೇ ತಲುಪಿಸುವ ವ್ಯವಸ್ಥೆಗೆ ಬದಲಾಯಿಸಿಕೊಂಡೆವು. ಬೆಳಗಿನ ಬಸ್ಸಿನಲ್ಲಿ ಕಂಡಕ್ಟರಿಗೆ ಲಗೇಜ್ ದುಡ್ಡು ಕೊಟ್ಟು ಪೆಟ್ಟಿಗೆಗಳನ್ನು ಹಾಕುತ್ತೇವೆ, ನಾದಿನಿಯ ಗಂಡ ಬಸ್‌ನಿಲ್ದಾಣದಲ್ಲಿ ಇಳಿಸಿಕೊಂಡು ಕೇಂದ್ರಕ್ಕೆ ಮುಟ್ಟಿಸುತ್ತಾರೆ. ಅಂಥ ನೆಂಟರಿಲ್ಲದವರು, ಮಾರಾಟಗಾರರೇ ಸಾಗಿಸುವ ಆಯ್ಕೆ ತಾಣದಲ್ಲಿದ್ದರೆ, ಊರಿನ ಶಾಖಾ ಅಂಚೆಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡುವುದನ್ನು ಯೋಚಿಸಬಹುದು. ಗಾಳಿ ಮಳೆ ಜೋರಾಗಿ ಮರ ಬಿದ್ದು ರಸ್ತೆ ಕಟ್ಟುವ ದಿನಗಳಲ್ಲಿ ಖಾತೆಯನ್ನು ರಜೆಗೆ ಹಾಕುವ ಗುಂಡಿ ಇದೆ. ಹವಾಮಾನದ ಎಚ್ಚರಿಕೆ ಬಂದ ಕೂಡಲೇ ಅದನ್ನು ಒತ್ತಿಬಿಡುತ್ತೇನೆ.

ಹಣದ ಲೆಕ್ಕವನ್ನು ಒಂದು ಡಬ್ಬಿಯ ಮೇಲೆ ಹೇಳುತ್ತೇನೆ. ಅರ್ಧ ಕಿಲೋ ಉಪ್ಪಿನಕಾಯಿಗೆ ನಮ್ಮ ಬೆಲೆ 350 ರೂಪಾಯಿ. ಅದರಲ್ಲಿ ತಾಣದ ಕಮಿಷನ್ 35, ಆರ್ಡರಿಗೊಂದರಂತೆ ನಿಗದಿತ ಶುಲ್ಕ 25, ಸಾಗಣೆ 90, ಈ 150ರ ಮೇಲೆ ಶೇ. 18ರ ಜಿಎಸ್‌ಟಿ 27, ಒಟ್ಟು 177. ತಾಣದವರು ಮೂಲದಲ್ಲಿಯೇ ಹಿಡಿಯುವ ತೆರಿಗೆ 2024ರ ಜುಲೈನಿಂದ ಶೇ. 0.5 ಮಾತ್ರ, ಅದು ನಮ್ಮ ಲೆಕ್ಕಕ್ಕೆ ಜಮೆಯಾಗಿ ಮುಂದೆ ಸಿಗುತ್ತದೆ. ಖಾತೆಗೆ ಬಂದದ್ದು 171 ರೂಪಾಯಿ ಚಿಲ್ಲರೆ. ಡಬ್ಬಿ, ಲೇಬಲ್, ಪೆಟ್ಟಿಗೆ ಕಳೆದರೆ ಉಳಿದ ನೂರಮೂವತ್ತರ ಆಸುಪಾಸಿನಲ್ಲಿ ಮಿಡಿ, ಮೆಣಸು, ಸಾಸಿವೆ, ಉಪ್ಪು, ಕೊಯ್ಲಿನವರ ಕೂಲಿ ಎಲ್ಲವೂ ಏಳಬೇಕು. ಉಪ್ಪಿನಕಾಯಿಯ ಮೇಲೆ ನಾವು ಕಟ್ಟಬೇಕಾದ ಸುಮಾರು 17 ರೂಪಾಯಿ ತೆರಿಗೆಯನ್ನು ಆ 27ರಲ್ಲಿ ಹೊಂದಿಸಿಕೊಳ್ಳಬಹುದು ಎಂಬುದೊಂದು ಸಮಾಧಾನ. ಎರಡು ಡಬ್ಬಿಯನ್ನು ಜೋಡಿಯಾಗಿ 700ಕ್ಕೆ ಇಟ್ಟಾಗ ನಿಗದಿತ ಶುಲ್ಕ ಒಂದೇ ಬಾರಿ, ಸಾಗಣೆ 130. ಡಬ್ಬಿಗೆ 215ರಷ್ಟು ಕೈಗೆ ಬಂತು. ಅಂದಿನಿಂದ ಒಂಟಿ ಡಬ್ಬಿಯನ್ನು ಪಟ್ಟಿಯಿಂದ ತೆಗೆದೆವು. ತಲುಪಿದಾಗ ಹಣ ಕೊಡುವ ಆಯ್ಕೆಯನ್ನೂ ಮುಚ್ಚಲು ಸಾಧ್ಯವಿರುವ ಕಡೆ ಮುಚ್ಚಿದೆವು, ಯಾಕೆಂದರೆ ಮನೆಯಲ್ಲಿ ಯಾರೂ ಇಲ್ಲವೆಂದು ಮರಳಿ ಬಂದ ಪೆಟ್ಟಿಗೆಗೆ ಹೋಗುವ ಬರುವ ಎರಡೂ ಸಾಗಣೆ ನಮ್ಮ ತಲೆಗೆ. ಹಣ ಕೈಸೇರುವುದು ಗಿರಾಕಿಗೆ ಮುಟ್ಟಿ ವಾರ ಕಳೆದ ಮೇಲೆ. ಆರಂಭದ ತಿಂಗಳುಗಳಿಗೆ ಡಬ್ಬಿ, ಪೆಟ್ಟಿಗೆಗಳ ಖರ್ಚನ್ನು ಬೇರೆ ಎತ್ತಿಟ್ಟುಕೊಂಡಿರಬೇಕು.

ಎಷ್ಟು ಡಬ್ಬಿ ತುಂಬಿಡಬೇಕೆಂಬುದನ್ನೂ ಯೋಚಿಸಬೇಕಾಗುತ್ತದೆ. ಆನ್‌ಲೈನಿನಲ್ಲಿ ಮಾರುವ ಆಹಾರ ಗಿರಾಕಿಯ ಕೈಸೇರುವಾಗ ಅದರ ಬಾಳಿಕೆಯಲ್ಲಿ ಕನಿಷ್ಠ ಶೇ. 30 ಅಥವಾ 45 ದಿನ ಉಳಿದಿರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರಲ್ಲಿ ಹೇಳಿದೆ. ಮಿಡಿ ಸಿಗುವುದು ಬೇಸಿಗೆಯ ಆರಂಭದಲ್ಲಿ ಮಾತ್ರ, ಹಪ್ಪಳ ಒಣಗುವುದು ಮಳೆ ಹಿಡಿಯುವವರೆಗೆ ಮಾತ್ರ. ಭರಣಿಯಲ್ಲಿರುವುದನ್ನು ಆರ್ಡರಿನ ಅಂದಾಜಿಗೆ ತಕ್ಕಂತೆ ಸ್ವಲ್ಪ ಸ್ವಲ್ಪವೇ ತುಂಬುತ್ತೇವೆ.

ಮಾರಾಟ ಶುರುವಾಗುವ ಮೊದಲೇ ಜಿಎಸ್‌ಟಿ ರಿಟರ್ನ್ ಶುರುವಾಗುತ್ತದೆ ಎಂಬುದನ್ನು ಮರೆಯಬಾರದು. ನೋಂದಣಿ ಸಿಕ್ಕ ತಿಂಗಳಿನಿಂದಲೇ, ಒಂದು ಡಬ್ಬಿ ಮಾರದಿದ್ದರೂ, ಸೊನ್ನೆಯ ರಿಟರ್ನ್ ಸಲ್ಲಿಸಬೇಕು. ತಪ್ಪಿದರೆ ದಿನಕ್ಕೆ 20 ರೂಪಾಯಿ, ವಹಿವಾಟು ಇದ್ದರೆ 50. ಸಣ್ಣವರು ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಪದ್ಧತಿಯನ್ನು ಆರಿಸಿಕೊಳ್ಳಬಹುದು. ಆಗ ಮಾರಾಟದ ವಿವರ ಮುಂದಿನ ತಿಂಗಳ 13ರೊಳಗೆ, ತೆರಿಗೆಯ ರಿಟರ್ನ್ ಕರ್ನಾಟಕದವರಿಗೆ 22ರೊಳಗೆ. ಸೊನ್ನೆಯ ರಿಟರ್ನನ್ನು ಎಸ್‌ಎಂಎಸ್‌ನಲ್ಲಿಯೇ ಕಳುಹಿಸಬಹುದು. ಅದಕ್ಕೆ ಜಗುಲಿಯ ಮೂಲೆಯ ಸಿಗ್ನಲ್ ಸಾಕಾಗುತ್ತದೆ.